ಕ್ಯಾಟಲನ್ಸ್ ಡ್ರ್ಯಾಗನ್ಸ್ ಚರಿತ್ರೆಯನ್ನು 2006ರಿಂದ ಶುರು ಮಾಡಬೇಡಿ

ಕ್ಯಾಟಲನ್ಸ್ ಡ್ರ್ಯಾಗನ್ಸ್ 2006ರಲ್ಲಿ ಹುಟ್ಟಿದ ರಗ್ಬಿ ಲೀಗ್ ತಂಡ, ಅದರ ಚರಿತ್ರೆಯನ್ನು ಸೀಸನ್ ಲೆಕ್ಕದಲ್ಲಿ ಬರೆಯಲೋ ಆಟಗಾರರ ಲೆಕ್ಕದಲ್ಲಿ ಬರೆಯಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಪ್ರಶ್ನೆಯ ಮೊದಲ ಅರ್ಧವೇ ತಪ್ಪು. ಅದನ್ನೇ ನಂಬಿ ಹೊರಟ ನನ್ನ ಕಪ್ಪುಗಳ ಪಟ್ಟಿ ಒಂದೇ ಒಂದು ಸಾಲಿನಿಂದ ಪೂರ್ತಿ ಕೆಟ್ಟಿತು. ಆ ಸಾಲು ಇದು: 1944, ಫ್ರೆಂಚ್ ಚಾಂಪಿಯನ್, ಪರ್ಪಿನ್ಯಾನ್.

ಪರ್ಪಿನ್ಯಾನ್ ದಕ್ಷಿಣ ಫ್ರಾನ್ಸಿನಲ್ಲಿರುವ ಡ್ರ್ಯಾಗನ್ಸ್ ಊರು. ಊರು ಸರಿ, ವರ್ಷ ಸರಿ, ಕಪ್ ಗೆದ್ದದ್ದೂ ನಿಜ. ಆದರೆ ಗೆದ್ದದ್ದು ಉಸಾಪ್. ಅದು ಪರ್ಪಿನ್ಯಾನಿನ ರಗ್ಬಿ ಯೂನಿಯನ್ ಕ್ಲಬ್, ಹದಿನೈದು ಜನರ ಆಟ. ಡ್ರ್ಯಾಗನ್ಸ್ ಆಡುವುದು ರಗ್ಬಿ ಲೀಗ್, ಹದಿಮೂರು ಜನರ ಆಟ. ಎರಡಕ್ಕೂ ಊರು ಒಂದೇ, ಎರಡರ ಅಂಗಿಯಲ್ಲೂ ಆ ಸೀಮೆಯ ಕತಲಾನ್ ಜನರ ಬಾವುಟದ ಕೆಂಪು ಹಳದಿ. 1944ರಲ್ಲಿ ಲೀಗ್ ಚಾಂಪಿಯನ್ ಇರುವುದು ಸಾಧ್ಯವೇ ಇರಲಿಲ್ಲ, ಏಕೆಂದರೆ ಆಗ ಫ್ರಾನ್ಸಿನಲ್ಲಿ ಆ ಆಟವೇ ನಿಷೇಧವಾಗಿತ್ತು. ಈ ಕಾರಣವನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ತಂಡದ ಚರಿತ್ರೆಯ ಬೆನ್ನುಮೂಳೆಯೇ ಇದು.

1931ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸೇರಿ ಫ್ರಾನ್ಸಿನ ಯೂನಿಯನ್ ತಂಡದ ಜೊತೆ ಆಟ ನಿಲ್ಲಿಸಿದವು. ಯೂನಿಯನ್ ಆಗ ಹವ್ಯಾಸಿ ಆಟವಾಗಿದ್ದರೂ ಅಲ್ಲಿನ ಕ್ಲಬ್ಬುಗಳು ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಡುತ್ತವೆ, ಮೈದಾನದಲ್ಲಿ ಹೊಡೆದಾಟ ಜಾಸ್ತಿ ಎಂಬುದು ದೂರು. ದುಡ್ಡು ತೆಗೆದುಕೊಂಡ ಆರೋಪದ ಮೇಲೆ ಯೂನಿಯನ್‌ನಿಂದ ಹೊರಬಿದ್ದ ಜಾನ್ ಗಾಲಿಯಾ 1934ರಲ್ಲಿ ಒಂದು ತಂಡ ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿ ಲೀಗ್ ಆಡಿ ಬಂದ. ಆತ ಪರ್ಪಿನ್ಯಾನ್ ಹತ್ತಿರದ ಈಲ್-ಸುರ್-ತೆತ್ ಊರಿನವನು. ಅಲ್ಲಿಂದ ಆಟ ಫ್ರಾನ್ಸಿನ ದಕ್ಷಿಣದಲ್ಲೆಲ್ಲ ಹಬ್ಬಿತು. ಪರ್ಪಿನ್ಯಾನಿನಲ್ಲಿ ಟ್ರೇಝ್ ಕತಲಾನ್ ಹುಟ್ಟಿ 1936ರಲ್ಲೇ ಫ್ರೆಂಚ್ ಲೀಗ್ ಚಾಂಪಿಯನ್ ಆಯಿತು. ಟ್ರೇಝ್ ಅಂದರೆ ಹದಿಮೂರು. ನಿಮ್ಮ ಪಟ್ಟಿಯ ಮೊದಲ ಕಪ್ ಇದು, ಡ್ರ್ಯಾಗನ್ಸ್ ಎಂಬ ಹೆಸರಿಗಿಂತ ಎಪ್ಪತ್ತು ವರ್ಷ ಹಿಂದಿನದು.

1941ರ ಡಿಸೆಂಬರ್ 19ರಂದು ಯುದ್ಧಕಾಲದಲ್ಲಿ ನಾತ್ಸಿಗಳ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಷಿ ಸರ್ಕಾರದ ಮುಖ್ಯಸ್ಥ ಪೆತೇನ್ ಒಂದು ಆಜ್ಞೆಗೆ ಸಹಿ ಹಾಕಿದ. ಲೀಗ್ ಸಂಸ್ಥೆ ವಿಸರ್ಜನೆ, ಆಸ್ತಿಯೆಲ್ಲ ಜಪ್ತಿ. ಆ ಆಸ್ತಿ ಇವತ್ತಿನವರೆಗೂ ವಾಪಸ್ ಬಂದಿಲ್ಲ. ನಿಷೇಧದ ಕಾಲದಲ್ಲಿ ಕ್ರೀಡಾ ಆಡಳಿತದ ಮೇಲ್ಮಟ್ಟದಲ್ಲಿದ್ದ ಝೋಸೆಫ್ ಪಾಸ್ಕೋ ಹೊರಗಿನವನಲ್ಲ, ಪರ್ಪಿನ್ಯಾನಿಗೇ ಆಡಿದ್ದ ಹಳೆಯ ಯೂನಿಯನ್ ಆಟಗಾರ. ಆಟಗಾರರಿಗೆ ಉಳಿದದ್ದು ಎರಡೇ ದಾರಿ: ಯೂನಿಯನ್ ಆಡುವುದು ಅಥವಾ ಮನೆಯಲ್ಲಿ ಕೂರುವುದು.

ನಾನು ಎಡವಿದ್ದು ಇಲ್ಲೇ. ಪ್ಯುಗ್ ಓಬೇರ್ ಎಂಬ ಆಟಗಾರ 1944ರಲ್ಲಿ ಉಸಾಪ್ ಜೊತೆ ಕಪ್ ಗೆದ್ದ, ನಿಷೇಧ ತೆರವಾದ ಮೇಲೆ ಲೀಗ್‌ಗೆ ಬಂದು ಕಾರ್ಕಸೋನ್ ಕ್ಲಬ್ ಸೇರಿದ. 1951ರಲ್ಲಿ ಫ್ರಾನ್ಸ್ ಲೀಗ್ ತಂಡದ ನಾಯಕನಾಗಿ ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ ಟೆಸ್ಟ್ ಸರಣಿಯಲ್ಲಿ 2–1ರಿಂದ ಸೋಲಿಸಿದ, ಕೊನೆಯ ಟೆಸ್ಟ್ 35–14. ಟ್ರೇಝ್ ಕತಲಾನ್‌ಗೂ ಆಡಿದ. ಆಟಗಾರನನ್ನು ಹಿಡಿದುಕೊಂಡು ಕಪ್ ಎಣಿಸಿದರೆ 1944 ತಾನಾಗಿ ಒಳಗೆ ಬಂದುಬಿಡುತ್ತದೆ. ಮನುಷ್ಯ ಈ ಚರಿತ್ರೆಗೆ ಸೇರಿದವನು, ಆ ಕಪ್ ಸೇರಿದ್ದಲ್ಲ. ಇಂಥ ಒಂದು ಸಾಲು ತಪ್ಪಿದರೆ 1940ರ ದಶಕದ ಪ್ರತಿಯೊಬ್ಬ ಆಟಗಾರನ ಕ್ಲಬ್ಬನ್ನೂ ಮತ್ತೆ ನೋಡಬೇಕಾಗುತ್ತದೆ. ಆಟಗಾರರ ಲೆಕ್ಕದಲ್ಲಿ ಬರೆಯಬೇಡಿ ಅಂದದ್ದು ಇದಕ್ಕೇ.

ಹುಡುಕುವಾಗ ಇನ್ನೊಂದು ತೊಡಕಿದೆ. ಯುದ್ಧ ಮುಗಿದ ಮೇಲೆ ಆಟಕ್ಕೆ ಜೀವ ಬಂತು, ಹೆಸರು ಮಾತ್ರ ಬರಲಿಲ್ಲ. ಯೂನಿಯನ್‌ನವರ ಒತ್ತಾಯದಿಂದ 1990ರ ದಶಕದ ಹೊಸ್ತಿಲವರೆಗೂ ಅಧಿಕೃತ ಹೆಸರು 'ಜ್ಯೋ ಆ ಟ್ರೇಝ್' ಎಂದೇ ಉಳಿಯಿತು, ಬರೀ 'ಹದಿಮೂರರ ಆಟ'. ಹಾಗಾಗಿ ಹಳೆಯ ಕಾಗದಪತ್ರಗಳಲ್ಲಿ ರಗ್ಬಿ ಎಂದಷ್ಟೇ ಹುಡುಕಿದರೆ ಕೈಗೆ ಸಿಗುವುದು ಹೆಚ್ಚಾಗಿ ಯೂನಿಯನ್. ಟ್ರೇಝ್, ಟ್ರೇಝಿಸ್ಟ್ ಎಂದು ಹುಡುಕಿ. ಅನುಮಾನ ಬಂದರೆ ಕಪ್ಪಿನ ಹೆಸರು ನೋಡಿ: ಬ್ರೆನ್ಯೂಸ್ ಫಲಕ ಇದ್ದರೆ ಯೂನಿಯನ್, ಲಾರ್ಡ್ ಡರ್ಬಿ ಕಪ್ ಅಥವಾ ಮಾಕ್ಸ್ ರೂಸಿಯೇ ಫಲಕ ಇದ್ದರೆ ಲೀಗ್. ಮೈದಾನದ ಹೆಸರನ್ನು ಮಾತ್ರ ನಂಬಬೇಡಿ. ಡ್ರ್ಯಾಗನ್ಸ್ ಮೈದಾನಕ್ಕೆ ಹೆಸರು ಕೊಟ್ಟ ಝಿಲ್ಬೇರ್ ಬ್ರೂಟುಸ್ ಯೂನಿಯನ್‌ನವರು, ನಾತ್ಸಿಗಳ ವಿರುದ್ಧದ ಭೂಗತ ಹೋರಾಟದಲ್ಲಿದ್ದು 1944ರಲ್ಲಿ ತೀರಿಕೊಂಡವರು.

ಪಟ್ಟಿಗೆ ಐದು ಕಾಲಂ ಹಾಕಿ: ವರ್ಷ, ಲೀಗೋ ಯೂನಿಯನ್ನೋ, ಆ ವರ್ಷ ಕ್ಲಬ್ಬಿಗಿದ್ದ ಪೂರ್ತಿ ಹೆಸರು, ಪಂದ್ಯಾವಳಿ, ಸ್ಕೋರು. ಎರಡನೆಯ ಕಾಲಂ ಖಾಲಿ ಇರುವ ಸಾಲನ್ನು ಬರಹಕ್ಕೆ ಎತ್ತಬೇಡಿ. ಮೂರನೆಯದೂ ಮುಖ್ಯ: ಟ್ರೇಝ್ ಕತಲಾನ್ ಮತ್ತು ಸೇಂಟ್ ಎಸ್ತೇವ್ ಕ್ಲಬ್ಬುಗಳು 2000ದಲ್ಲಿ ಒಂದಾಗಿ ಯೂನಿಯೋಂ ಟ್ರೇಝಿಸ್ಟ್ ಕತಲಾನ್ ಆದವು, ಆ ಕ್ಲಬ್ಬೇ 2006ರಲ್ಲಿ ಡ್ರ್ಯಾಗನ್ಸ್ ಆಗಿ ಇಂಗ್ಲೆಂಡಿನ ಮೇಲ್ಮಟ್ಟದ ಪಂದ್ಯಾವಳಿ ಸೂಪರ್ ಲೀಗ್ ಸೇರಿತು. ಫ್ರೆಂಚ್ ಲೀಗ್‌ನಲ್ಲಿ ಸೇಂಟ್ ಎಸ್ತೇವ್ ಟ್ರೇಝ್ ಕತಲಾನ್ ಎಂಬ ಹೆಸರಲ್ಲಿ ಆಡುವುದು ಡ್ರ್ಯಾಗನ್ಸ್ ಕ್ಲಬ್ಬಿನ ಎರಡನೆಯ ತಂಡ, ಅದರ ಕಪ್ಪುಗಳನ್ನು ಬೇರೆ ಇಡಿ. ಸ್ಕೋರು ಹೋಲಿಸುವಾಗಲೂ ಎಚ್ಚರ: 1983ರವರೆಗೆ ಒಂದು ಟ್ರೈಗೆ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದಕ್ಕೆ) 3 ಅಂಕ, ಆಮೇಲೆ 4.

2006ರಿಂದ ಈಚೆಗಿನದು ಸುಲಭ, ದಾಖಲೆಗಳು ಕೈಗೆಟಕುತ್ತವೆ. ಮೊದಲ ಪಂದ್ಯದಲ್ಲೇ ಇಂಗ್ಲೆಂಡಿನ ವಿಗನ್ ವಿರುದ್ಧ 38–30 ಗೆಲುವು. ಆ ಸೀಸನ್ ಅಂಕಪಟ್ಟಿಯಲ್ಲಿ ಕೊನೆಯ ಸ್ಥಾನ, ಆದರೂ ಕೆಳಗಿನ ದರ್ಜೆಗೆ ಇಳಿದದ್ದು ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದ ಕ್ಯಾಸಲ್‌ಫರ್ಡ್. ಹೊಸ ತಂಡ ಅಂತ ಡ್ರ್ಯಾಗನ್ಸ್‌ಗೆ ಕೊಟ್ಟ ವಿನಾಯಿತಿ ಇದಕ್ಕೆ ಕಾರಣ. ಹೇಳದಿದ್ದರೆ ಓದುವವರು ನಿಮ್ಮ ಪಟ್ಟಿಯೇ ತಪ್ಪು ಅಂದುಕೊಳ್ಳುತ್ತಾರೆ. 2017ರ ಸೆಪ್ಟೆಂಬರ್ 30ರಂದು ಲೀ ಊರಿನಲ್ಲಿ ಸೋತವರು ಕೆಳಗಿಳಿಯುವ ಪಂದ್ಯ, 26–10ರಿಂದ ಗೆದ್ದು ಉಳಿದುಕೊಂಡರು. ಹನ್ನೊಂದು ತಿಂಗಳು ಕಳೆಯುವುದರೊಳಗೆ, 2018ರ ಆಗಸ್ಟ್ 25ರಂದು, ಅದೇ ತಂಡ ವೆಂಬ್ಲಿಯಲ್ಲಿ ವಾರಿಂಗ್ಟನ್ ಮೇಲೆ 20–14ರಿಂದ ಗೆದ್ದು ಚಾಲೆಂಜ್ ಕಪ್ ಎತ್ತಿತು. ಇಂಗ್ಲೆಂಡಿನ ಆಚೆಯ ತಂಡವೊಂದು ಆ ಕಪ್ ಗೆದ್ದದ್ದು ಅದೇ ಮೊದಲು. 2021ರಲ್ಲಿ ಅಂಕಪಟ್ಟಿಯ ಮೊದಲ ಸ್ಥಾನ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ಗ್ರ್ಯಾಂಡ್ ಫೈನಲ್‌ನಲ್ಲಿ ಸೇಂಟ್ ಹೆಲೆನ್ಸ್ ಎದುರು 12–10ರಿಂದ ಸೋಲು. 2023ರಲ್ಲಿ ಮತ್ತೆ ಫೈನಲ್, ವಿಗನ್ ಎದುರು 10–2ರಿಂದ ಸೋಲು.

ನಾನಾದರೆ 1941ರ ಆಜ್ಞೆಯಿಂದ ಬರಹ ಆರಂಭಿಸಿ, ಗಾಲಿಯಾಗೆ ಹಿಂದಕ್ಕೆ ಹೋಗಿ, ಆಮೇಲೆ 2018ರ ವೆಂಬ್ಲಿಗೆ ಬರುತ್ತೇನೆ. 1941ರಿಂದ 1944ರವರೆಗಿನ ಸಾಲುಗಳನ್ನು ಅಳಿಸಬೇಡಿ. ವರ್ಷ ಬರೆದು, ಮುಂದಿನ ಕಾಲಂನಲ್ಲಿ 'ನಿಷೇಧ' ಎಂದು ಬರೆಯಿರಿ.