ನಿಮ್ಮ ಪ್ರಶ್ನೆಗೆ ಉತ್ತರ: ಹಾರ್ಡ್ ಡಿಸ್ಕ್ ಇರುವ ಮ್ಯೂಸಿಕ್ ಪ್ಲೇಯರ್

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಹಾರ್ಡ್ ಡಿಸ್ಕ್ ಇರುವ ಮ್ಯೂಸಿಕ್ ಪ್ಲೇಯರ್‌ಗಳ ಬಗ್ಗೆ. ಆಪಲ್ ಕಂಪನಿಯ ಐಪಾಡ್ ಕ್ಲಾಸಿಕ್, ಐಪಾಡ್ ವಿಡಿಯೊ, ಮೈಕ್ರೋಸಾಫ್ಟ್‌ನ ಝೂನ್ ಇಟ್ಟುಕೊಂಡವರು, ಈಗ ಹಳೆಯದೊಂದನ್ನು ಕೊಳ್ಳಬೇಕು ಅಂತ ಆಸೆ ಇರುವವರು ಎಲ್ಲರೂ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ. ಓದುವಾಗ ಒಂದು ವಿಷಯ ನೆನಪಿನಲ್ಲಿರಲಿ. ಈ ಪ್ಲೇಯರ್‌ಗಳ ಒಳಗೆ ನಿಜವಾಗಿಯೂ ತಿರುಗುವ ಒಂದು ಡಿಸ್ಕ್ ಇದೆ. ಇವುಗಳ ಹೆಚ್ಚಿನ ಗುಣಗಳೂ ತೊಂದರೆಗಳೂ ಅದರಿಂದಲೇ ಬಂದವು.

ಪ್ರಶ್ನೆ: ಬಹಳ ವರ್ಷ ಸುಮ್ನೆ ಬಿದ್ದಿದ್ದ ಐಪಾಡ್ ಚಾರ್ಜ್ ಮಾಡಿದೆ. ಹಾಡು ಬರುತ್ತಿದೆ. ಆದರೆ ಆಗಾಗ ಒಳಗೆ ಸಣ್ಣಗೆ 'ಝುಂಯ್' ಅಂತ ಶಬ್ದ ಬಂದು ನಿಲ್ಲುತ್ತದೆ. ಕೆಟ್ಟಿದೆಯಾ?

ಇಲ್ಲ, ಅದು ಆರೋಗ್ಯದ ಲಕ್ಷಣ. ಡಿಸ್ಕ್ ಸದಾ ತಿರುಗುತ್ತಾ ಇರುವುದಿಲ್ಲ. ಒಮ್ಮೆ ತಿರುಗಿ, ಮುಂದಿನ ಕೆಲವು ಹಾಡುಗಳನ್ನು ಓದಿ, ಒಳಗಿನ ಚಿಪ್ ಮೆಮೊರಿಯಲ್ಲಿ ತುಂಬಿಸಿಟ್ಟು ನಿಂತುಬಿಡುತ್ತದೆ. ಆಮೇಲೆ ನೀವು ಕೇಳುವುದು ಮೆಮೊರಿಯಿಂದ. ಅದು ಖಾಲಿಯಾಗುತ್ತಾ ಬಂದಾಗ ಡಿಸ್ಕ್ ಮತ್ತೆ ಎದ್ದು ತಿರುಗುತ್ತದೆ, ಆಗ ಆ ಶಬ್ದ. 2001ರ ಅಕ್ಟೋಬರ್‌ನಲ್ಲಿ ಬಂದ ಮೊದಲ ಐಪಾಡ್‌ನಲ್ಲಿ 5 ಜಿಬಿ ಡಿಸ್ಕ್ ಇತ್ತು, ಮೆಮೊರಿ 32 ಎಂಬಿ. ಅಷ್ಟರಲ್ಲಿ ಸುಮಾರು 20 ನಿಮಿಷದ ಸಂಗೀತ ಹಿಡಿಯುತ್ತಿತ್ತು, ಅಂದರೆ ಆ 20 ನಿಮಿಷ ಡಿಸ್ಕಿಗೆ ವಿಶ್ರಾಂತಿ. ಬ್ಯಾಟರಿ ಉಳಿದದ್ದೂ ಈ ಉಪಾಯದಿಂದಲೇ. ನಡೆಯುವಾಗ ಹಾಡು ತಡವರಿಸದೆ ಬರುವುದೂ ಇದರಿಂದಲೇ.

ಹೀಗಾಗಿ ಒಂದು ಅಭ್ಯಾಸ ಬಿಡಿ. ಹತ್ತು ಸೆಕೆಂಡ್ ಕೇಳಿ ಮುಂದಿನ ಹಾಡು, ಮತ್ತೆ ಹತ್ತು ಸೆಕೆಂಡ್ ಕೇಳಿ ಇನ್ನೊಂದು ಅಂತ ಗುಂಡಿ ಒತ್ತುತ್ತಾ ಹೋದರೆ ತುಂಬಿಸಿಟ್ಟದ್ದೆಲ್ಲ ವ್ಯರ್ಥವಾಗಿ ಡಿಸ್ಕ್ ಮತ್ತೆ ಮತ್ತೆ ಏಳಬೇಕಾಗುತ್ತದೆ. ಚಾರ್ಜ್ ಬೇಗ ಇಳಿಯುತ್ತದೆ. ಒಂದು ಆಲ್ಬಮ್ ಹಾಕಿ ಪೂರ್ತಿ ಕೇಳುವವರಿಗೆ ಈ ಯಂತ್ರ ಹೇಳಿ ಮಾಡಿಸಿದ್ದು.

ಪ್ರಶ್ನೆ: ನನ್ನ ಹಾಡುಗಳೆಲ್ಲ ಈಗ ಐಪಾಡ್‌ನಲ್ಲಿ ಮಾತ್ರ ಇವೆ. ಹಳೆಯ ಕಂಪ್ಯೂಟರ್ ಹೋಯಿತು. ಹೊಸ ಕಂಪ್ಯೂಟರಿಗೆ ಹೇಗೆ ತೆಗೆದುಕೊಳ್ಳುವುದು?

ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಕೇಬಲ್ ಚುಚ್ಚಿ. ಹೊಸ ಕಂಪ್ಯೂಟರ್‌ನ ಐಟ್ಯೂನ್ಸ್‌ನಲ್ಲಿ (ಐಪಾಡ್‌ಗೆ ಹಾಡು ತುಂಬುವ ಆಪಲ್‌ನ ಪ್ರೋಗ್ರಾಮ್) ಒಂದೂ ಹಾಡಿಲ್ಲ. ನೀವು ಐಪಾಡ್ ಸೇರಿಸಿದಾಗ ಅದು 'ಈ ಐಪಾಡ್ ಬೇರೆ ಲೈಬ್ರರಿಗೆ ಸೇರಿದೆ, ಅಳಿಸಿ ಸಿಂಕ್ ಮಾಡಲೇ?' ಅನ್ನುವ ಅರ್ಥದ ಪ್ರಶ್ನೆ ಕೇಳಬಹುದು. ಅಲ್ಲಿ ಹೌದು ಎಂದರೆ ಎಲ್ಲಾ ಹೋಯಿತು. ಬೇಡ ಅನ್ನಿ. ಐಟ್ಯೂನ್ಸ್ ಇಲ್ಲದ ಕಂಪ್ಯೂಟರ್ ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲು ಐಪಾಡನ್ನು ಡಿಸ್ಕ್ ಮೋಡ್‌ಗೆ ತನ್ನಿ. ಕ್ಲಿಕ್ ವೀಲ್ (ಗುಂಡಿಗಳೂ ಸೇರಿದ ಚಕ್ರ) ಇರುವ ಮಾದರಿಗಳಲ್ಲಿ ಮೆನು ಮತ್ತು ನಡುವಿನ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಅದು ಆರಿ ಮತ್ತೆ ಶುರುವಾಗುತ್ತದೆ. ಸೇಬಿನ ಚಿಹ್ನೆ ಕಂಡ ಕೂಡಲೇ ನಡುವಿನ ಗುಂಡಿ ಮತ್ತು ಪ್ಲೇ ಗುಂಡಿಯನ್ನು ಒತ್ತಿ ಹಿಡಿಯಿರಿ. ಈಗ ಅದು ಕಂಪ್ಯೂಟರಿಗೆ ಸಾಮಾನ್ಯ ಹೊರಗಿನ ಡ್ರೈವ್ ಥರ ಕಾಣುತ್ತದೆ. ಅಡಗಿಸಿಟ್ಟ ಫೋಲ್ಡರ್‌ಗಳನ್ನು ತೋರಿಸು ಎಂಬ ಸೆಟ್ಟಿಂಗ್ ಆನ್ ಮಾಡಿದರೆ 'ಐಪಾಡ್ ಕಂಟ್ರೋಲ್' ಎಂಬ ಹೆಸರಿನ ಫೋಲ್ಡರ್ ಕಾಣುತ್ತದೆ, ಅದರೊಳಗೆ 'ಮ್ಯೂಸಿಕ್' ಅಂತ ಇನ್ನೊಂದು. ಆ ಮ್ಯೂಸಿಕ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಕೊಳ್ಳಿ.

ತೆರೆದು ನೋಡಿದರೆ ಗಾಬರಿಯಾಗುತ್ತದೆ. ಫೈಲ್‌ಗಳ ಹೆಸರೆಲ್ಲ ಅರ್ಥವಿಲ್ಲದ ನಾಲ್ಕು ಅಕ್ಷರಗಳು. ಹಾಡು ಯಾವುದು, ಹಾಡಿದ್ದು ಯಾರು ಒಂದೂ ಗೊತ್ತಾಗುವುದಿಲ್ಲ. ಚಿಂತೆ ಬೇಡ, ಆ ವಿವರ ಸಾಮಾನ್ಯವಾಗಿ ಪ್ರತಿ ಫೈಲಿನ ಒಳಗೇ ಟ್ಯಾಗ್ ಆಗಿ ಇರುತ್ತದೆ. ಯಾವುದೇ ಮ್ಯೂಸಿಕ್ ಪ್ರೋಗ್ರಾಮಿಗೆ ಆ ಫೋಲ್ಡರನ್ನು ಸೇರಿಸಿದರೆ ಹೆಸರುಗಳು ಬಂದು ಕೂರುತ್ತವೆ. ಟ್ಯಾಗ್ ನೋಡಿ ಫೈಲಿನ ಹೆಸರನ್ನೂ ಬದಲಿಸಿಕೊಡುವ ಉಚಿತ ಪ್ರೋಗ್ರಾಮ್‌ಗಳೂ ಇವೆ.

ಕಾಪಿ ಆದಮೇಲೆ ಇನ್ನೊಂದು ಡ್ರೈವ್‌ಗೂ ಒಂದು ಪ್ರತಿ ಹಾಕಿಡಿ. ಇದನ್ನು ನಾಳೆಗೆ ಇಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಪ್ಲೇಯರ್ ಇನ್ನೊಂದು ಸಿಗುತ್ತದೆ. ನೀವು ವರ್ಷಗಟ್ಟಲೆ ಹುಡುಕಿ ಕೂಡಿಸಿದ ಹಾಡುಗಳು ಹಾಗಲ್ಲ. ಕೆಲವನ್ನು ಎಲ್ಲಿಂದ ತಂದಿರಿ ಅಂತಲೂ ಈಗ ನೆನಪಿರುವುದಿಲ್ಲ, ಅಲ್ವಾ?

ಪ್ರಶ್ನೆ: 30 ಜಿಬಿ ಅಂತ ಹಿಂದೆ ಬರೆದಿದೆ, ಒಳಗೆ ನೋಡಿದರೆ 27.9 ಅಂತ ತೋರಿಸುತ್ತದೆ. ಮೋಸವಾ?

ಮೋಸವಲ್ಲ, ಎಣಿಸುವ ರೀತಿ ಬೇರೆ. ಡಿಸ್ಕ್ ತಯಾರಿಸುವವರು 1 ಜಿಬಿ ಅಂದರೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ. ನಿಮ್ಮ ಪ್ಲೇಯರ್ ಅದನ್ನು 1024ರ ಲೆಕ್ಕದಲ್ಲಿ ಎಣಿಸುತ್ತದೆ. 160 ಜಿಬಿಯದು ಇದೇ ಲೆಕ್ಕದಲ್ಲಿ 149 ಆಗುತ್ತದೆ.

ಪ್ರಶ್ನೆ: ಫ್ಲ್ಯಾಕ್ ಹಾಕಲಾ, ಎಂಪಿ3 ಹಾಕಲಾ?

ಫ್ಲ್ಯಾಕ್ ಅಂದರೆ ಹಾಡಿನ ಗುಣ ಒಂದಿಷ್ಟೂ ಕಳೆಯದ ದೊಡ್ಡ ಫೈಲ್, ಎಂಪಿ3 ಅಂದರೆ ಕುಗ್ಗಿಸಿದ ಚಿಕ್ಕ ಫೈಲ್. ಮನೆಯ ಕಂಪ್ಯೂಟರ್‌ನಲ್ಲಿ ಫ್ಲ್ಯಾಕ್ ಇಡಿ, ಪ್ಲೇಯರ್‌ಗೆ ಎಂಪಿ3 ಹಾಕಿ. ನನ್ನ ಅಭಿಪ್ರಾಯ ಇದು, ಕಾರಣ ಮತ್ತೆ ಡಿಸ್ಕೇ. 160 ಕೆಬಿಪಿಎಸ್ (ಸೆಕೆಂಡಿಗೆ 160 ಕಿಲೋಬಿಟ್) ಎಂಪಿ3 ನಿಮಿಷಕ್ಕೆ 1.2 ಎಂಬಿ. 320ರದು 2.4 ಎಂಬಿ. ಫ್ಲ್ಯಾಕ್ ಹಾಡಿನಿಂದ ಹಾಡಿಗೆ ಬದಲಾಗುತ್ತದೆ, ಆದರೂ ನಿಮಿಷಕ್ಕೆ 5ರಿಂದ 7 ಎಂಬಿ ಆಗುವುದು ಸಾಮಾನ್ಯ. 32 ಎಂಬಿ ಮೆಮೊರಿಯಲ್ಲಿ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ. ಐದಾರು ನಿಮಿಷಕ್ಕೊಮ್ಮೆ ಡಿಸ್ಕ್ ಏಳಬೇಕು, ಬ್ಯಾಟರಿಯೂ ಸವೆಯುತ್ತದೆ, ಡಿಸ್ಕೂ ಸವೆಯುತ್ತದೆ. ದಾರಿಯ ಗದ್ದಲದಲ್ಲಿ ಒಳ್ಳೆಯ 256 ಅಥವಾ 320ರ ಎಂಪಿ3ಗೂ ಫ್ಲ್ಯಾಕ್‌ಗೂ ವ್ಯತ್ಯಾಸ ಹಿಡಿಯುವುದು ಬಹಳ ಕಷ್ಟ.

ಐಪಾಡ್ ತನ್ನ ಮೂಲ ಸಾಫ್ಟ್‌ವೇರ್‌ನಲ್ಲಿ ಫ್ಲ್ಯಾಕ್ ಓದುವುದೂ ಇಲ್ಲ. ಅದೇ ಥರ ಗುಣ ಕಳೆಯದ ಆಪಲ್ ಲಾಸ್‌ಲೆಸ್ ಓದುತ್ತದೆ. ಫ್ಲ್ಯಾಕ್ ಬೇಕೇ ಬೇಕು ಅನ್ನುವವರಿಗೆ ರಾಕ್‌ಬಾಕ್ಸ್ ಇದೆ. ಆರ್ಕೋಸ್ ಎಂಬ ಕಂಪನಿಯ ಪ್ಲೇಯರ್‌ನ ಸಾಫ್ಟ್‌ವೇರ್ ಸಾಲದು ಅಂತ ಬಳಕೆದಾರರೇ ಸೇರಿ ಬರೆಯಲು ಶುರು ಮಾಡಿದ ಉಚಿತ ಸಾಫ್ಟ್‌ವೇರ್ ಅದು. ಈಗ ಐಪಾಡ್ ವಿಡಿಯೊ, ಕ್ಲಾಸಿಕ್, ಐರಿವರ್‌ನ ಹಳೆಯ ಪ್ಲೇಯರ್‌ಗಳು ಹೀಗೆ ಅನೇಕದರಲ್ಲಿ ನಡೆಯುತ್ತದೆ. ಫೋಲ್ಡರ್ ಎಳೆದು ಹಾಕಿದರೆ ಸಾಕು, ಸಿಂಕ್ ಗೋಜೇ ಇಲ್ಲ. ಇಷ್ಟು ವರ್ಷಗಳ ನಂತರವೂ ಯಾರೋ ಇದನ್ನು ದುಡ್ಡಿಲ್ಲದೆ ನಡೆಸಿಕೊಂಡು ಬರುತ್ತಿದ್ದಾರಲ್ಲ, ಅವರ ಬಗ್ಗೆ ನನಗೆ ತುಂಬಾ ಗೌರವ.

ಪ್ರಶ್ನೆ: ಓಡುವಾಗ ಬಳಸಬಹುದಾ? ಬೆಟ್ಟ ಹತ್ತುವಾಗ?

ನಡೆಯಲು ಧಾರಾಳವಾಗಿ ಬಳಸಿ. ಓಡಲು ಬೇಡ. ಡಿಸ್ಕ್ ತಿರುಗುತ್ತಿರುವಾಗ ಓದುವ ಹೆಡ್ ಕೂದಲೆಳೆಗಿಂತಲೂ ತೀರಾ ಕಡಿಮೆ ಅಂತರದಲ್ಲಿ ಡಿಸ್ಕಿನ ಮೇಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಆ ಕ್ಷಣದಲ್ಲೇ ಜೋರಾದ ಏಟು ಬಿದ್ದರೆ ಹೆಡ್ ಡಿಸ್ಕಿಗೆ ತಗುಲಿ ಗೀರು ಬೀಳಬಹುದು. ಹಾಡು ಕೇಳುವಾಗ ಡಿಸ್ಕ್ ಜಾಸ್ತಿ ಹೊತ್ತು ನಿಂತೇ ಇರುವುದರಿಂದ ಅಪಾಯ ಕಡಿಮೆ. ಹಾಡು ಕಾಪಿ ಮಾಡುವಾಗ ಮಾತ್ರ ಅದು ಬಿಡುವಿಲ್ಲದೆ ತಿರುಗುತ್ತದೆ, ಆಗ ಪ್ಲೇಯರನ್ನು ಮೇಜಿನ ಮೇಲೆ ಇಟ್ಟು ಮುಟ್ಟದೆ ಬಿಡಿ.

ಬೆಟ್ಟದ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಹೆಡ್ ತೇಲಲು ಗಾಳಿ ಬೇಕು, ತುಂಬಾ ಎತ್ತರದಲ್ಲಿ ಗಾಳಿ ತೆಳು. ಐಪಾಡ್ ಕೈಪಿಡಿಯಲ್ಲೇ 3000 ಮೀಟರ್ ಮಿತಿ ಕೊಟ್ಟಿದ್ದಾರೆ. ಅದಕ್ಕಿಂತ ಮೇಲೆ ಹೋಗುವವರು ಆಫ್ ಮಾಡಿ ಚೀಲದಲ್ಲಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಬಿಟ್ಟು ಹೋಗಲೇಬೇಡಿ, ಬ್ಯಾಟರಿಗೆ ಅದು ಬಹಳ ಕೆಟ್ಟದ್ದು.

ಪ್ರಶ್ನೆ: ಫೋನ್‌ನಲ್ಲೇ ಎಲ್ಲಾ ಹಾಡು ಸಿಗುವಾಗ ಇದೇಕೆ ಬೇಕು?

ಎಲ್ಲರಿಗೂ ಬೇಕಿಲ್ಲ. ಆದರೆ ಬೇಕಾದವರಿಗೆ ಯಾಕೆ ಬೇಕು ಅಂತ ಹೇಳುತ್ತೇನೆ. ಫೋನ್‌ನಲ್ಲಿ ತಿಂಗಳ ಬಾಡಿಗೆಗೆ ಕೇಳುವ ಹಾಡು ನಿಮ್ಮದಲ್ಲ, ಕಂಪನಿ ಮತ್ತು ಹಾಡಿನ ಹಕ್ಕುದಾರರ ನಡುವೆ ಒಪ್ಪಂದ ಮುಗಿದರೆ ಒಂದು ಬೆಳಗ್ಗೆ ಮಾಯವಾಗಿರುತ್ತದೆ. ಇಲ್ಲಿ ಹಾಗಾಗದು. ನೆಟ್‌ವರ್ಕ್ ಬೇಡ, ಜಾಹೀರಾತಿಲ್ಲ, ಹಾಡಿನ ನಡುವೆ ಕರೆ ಬರುವುದಿಲ್ಲ. ನೀವೇ ಆರಿಸಿ ತುಂಬಿದ್ದನ್ನು ನೀವೇ ಕೇಳುತ್ತೀರಿ. ಗುಂಡಿಗಳನ್ನು ಜೇಬಿನೊಳಗೇ ತಡಕಿ ಒತ್ತಬಹುದು. ಸಂಗೀತವನ್ನು ಗಮನ ಕೊಟ್ಟು ಕೇಳುವವರಿಗೆ ಇದು ನಿಜಕ್ಕೂ ದೊಡ್ಡ ಸುಖ.

ಇದು ಹುಟ್ಟಿದ್ದೂ ಇಂಥದೇ ಆಸೆಯಿಂದ. 1999ರಲ್ಲಿ ಕಾಂಪ್ಯಾಕ್ ಸಂಶೋಧಕರು ರೂಪಿಸಿದ ಪರ್ಸನಲ್ ಜೂಕ್‌ಬಾಕ್ಸ್ ಬಂತು, ಅದರಲ್ಲಿ 4.8 ಜಿಬಿ ಡಿಸ್ಕ್. 2000ದಲ್ಲಿ ಕ್ರಿಯೇಟಿವ್‌ನ ನೋಮ್ಯಾಡ್ ಜೂಕ್‌ಬಾಕ್ಸ್, 6 ಜಿಬಿ. ಎರಡರಲ್ಲೂ ಲ್ಯಾಪ್‌ಟಾಪ್‌ನ 2.5 ಇಂಚಿನ ಡಿಸ್ಕ್, ಹಾಗಾಗಿ ಜೇಬಿಗೆ ಭಾರ. ತೋಶಿಬಾ 1.8 ಇಂಚಿನ ಪುಟ್ಟ ಡಿಸ್ಕ್ ಮಾಡಿದ ಮೇಲೆಯೇ ಐಪಾಡ್ ಅಷ್ಟು ಚಿಕ್ಕದಾಗಿ ಬರಲು ಸಾಧ್ಯವಾಯಿತು.

ಪ್ರಶ್ನೆ: ನನ್ನ ಪ್ಲೇಯರ್ 'ಟಕ್ ಟಕ್' ಅನ್ನುತ್ತದೆ, ಕೆಲವು ಹಾಡು ಅರ್ಧಕ್ಕೇ ಹಾರಿ ಹೋಗುತ್ತವೆ, ಒಮ್ಮೊಮ್ಮೆ ಪೂರ್ತಿ ಸ್ಥಗಿತ. ಮುಗಿಯಿತಾ?

ಬರೀ ಸ್ಥಗಿತವಾಗುವುದು ಬೇರೆ, ಟಕ್ ಟಕ್ ಬೇರೆ. ಸ್ಥಗಿತವಾದ ಮಾತ್ರಕ್ಕೆ ಡಿಸ್ಕ್ ಹೋಯಿತು ಅಂದುಕೊಳ್ಳಬೇಡಿ. 2008ರ ಡಿಸೆಂಬರ್ 31ರಂದು 30 ಜಿಬಿ ಝೂನ್‌ಗಳು ಎಲ್ಲೆಡೆ ಒಟ್ಟಿಗೆ ನಿಂತುಹೋದವು. ಅದು ಅಧಿಕ ವರ್ಷ, 366ನೇ ದಿನವನ್ನು ಗಡಿಯಾರದ ಪ್ರೋಗ್ರಾಮ್ ಸರಿಯಾಗಿ ಎಣಿಸಲಿಲ್ಲ, ಅಷ್ಟೇ. ಬ್ಯಾಟರಿ ಖಾಲಿಯಾಗಲು ಬಿಟ್ಟು ಮರುದಿನ ಮಧ್ಯಾಹ್ನದ ಮೇಲೆ ಚಾರ್ಜ್ ಮಾಡಿದರೆ ಸರಿಹೋಯಿತು. ಒಮ್ಮೆ ರೀಸೆಟ್ ಮಾಡಿ ನೋಡಿ, ಐಪಾಡ್ ಆದರೆ ಮೇಲೆ ಹೇಳಿದ ಹಾಗೆ ಮೆನು ಮತ್ತು ನಡುವಿನ ಗುಂಡಿ ಒಟ್ಟಿಗೆ ಒತ್ತಿ ಹಿಡಿದು.

ಆದರೆ ಒಂದೇ ಲಯದಲ್ಲಿ ಟಕ್ ಟಕ್ ಬರುತ್ತಿದ್ದರೆ, ಜೊತೆಗೆ ಹಾಡು ಹಾರುತ್ತಿದ್ದರೆ, ಡಿಸ್ಕ್ ಸಾಯುತ್ತಿದೆ. ಫಾರ್ಮ್ಯಾಟ್ ಮಾಡಿ ನೋಡೋಣ ಅನ್ನುವ ಸಾಹಸ ಬೇಡ. ಬರುವಷ್ಟು ಹಾಡುಗಳನ್ನು ಮೊದಲು ಕಾಪಿ ಮಾಡಿಕೊಳ್ಳಿ.

ಆಮೇಲೆ ಸಂತೋಷದ ಸುದ್ದಿ. ಡಿಸ್ಕ್ ತೆಗೆದು ಆ ಜಾಗದಲ್ಲಿ ಒಂದು ಪುಟ್ಟ ಅಡಾಪ್ಟರ್ ಮತ್ತು ಮೆಮೊರಿ ಕಾರ್ಡ್ ಹಾಕಬಹುದು. ತೂಕ ಇಳಿಯುತ್ತದೆ, ಬ್ಯಾಟರಿ ಜಾಸ್ತಿ ಬಾಳುತ್ತದೆ, ಕೆಳಗೆ ಬಿದ್ದರೂ ಮೊದಲಿನಷ್ಟು ಭಯವಿಲ್ಲ. ಎರಡು ಎಚ್ಚರಿಕೆ ಹೇಳಬೇಕು. ಎಲ್ಲಾ ಮಾದರಿಗಳೂ ದೊಡ್ಡ ಕಾರ್ಡನ್ನು ಪೂರ್ತಿ ಗುರುತಿಸುವುದಿಲ್ಲ, ನಿಮ್ಮ ಮಾದರಿಯ ಮಿತಿ ನೋಡಿಕೊಂಡೇ ಕಾರ್ಡ್ ಕೊಳ್ಳಿ. ಇನ್ನೊಂದು, ತೆರೆಯುವಾಗ ಜೋರಾಗಿ ಎಳೆಯಬೇಡಿ, ಹಿಂಬದಿಗೂ ಬೋರ್ಡಿಗೂ ತೆಳುವಾದ ಪಟ್ಟಿ ತಂತಿಗಳಿರುತ್ತವೆ, ಹರಿದರೆ ಕೆಲಸ ದುಪ್ಪಟ್ಟು. ಐಪಾಡ್ ವಿಡಿಯೊ ತೆರೆಯುವುದು ಕೊಂಚ ಸುಲಭ. ಲೋಹದ ಮುಖವಿರುವ ಕ್ಲಾಸಿಕ್ ಬಲು ಬಿಗಿ, ಅಭ್ಯಾಸವಿಲ್ಲದವರು ಅದನ್ನು ಗೊತ್ತಿರುವವರ ಕೈಗೆ ಕೊಡಿ.

ತಿರುಗುವ ಡಿಸ್ಕ್ ಹೋದರೆ ಅದರ ಜೀವವೇ ಹೋದಂತೆ ಅಂತ ಒಬ್ಬರು ಬೇಸರದಿಂದ ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಕಾರ್ಡ್ ಹಾಕಿದ ಮೇಲೂ ನೀವು ಮುಟ್ಟುವ ಚಕ್ರ, ಕಿವಿಗೆ ಬರುವ ಧ್ವನಿ ಎರಡೂ ಹಳೆಯವೇ.

ಪ್ರಶ್ನೆ: ಪ್ಲೇಯರ್‌ನ ಹಿಂಬದಿ ಸ್ವಲ್ಪ ಉಬ್ಬಿದೆ. ಹಾಗೇ ಬಳಸಬಹುದಾ?

ಬಳಸಬಾರದು. ಬ್ಯಾಟರಿ ಉಬ್ಬಿದೆ. ಚಾರ್ಜ್ ಮಾಡುವುದನ್ನು ಈಗಲೇ ನಿಲ್ಲಿಸಿ. ಒತ್ತಿ ಸರಿ ಮಾಡಲು ಹೋಗಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಬಹುದು. ರಿಪೇರಿ ಗೊತ್ತಿರುವವರಿಂದ ತೆಗೆಸಿ, ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ. ಹೊಸ ಬ್ಯಾಟರಿ ಹಾಕಿದರೆ ಪ್ಲೇಯರ್ ಇನ್ನೂ ಹಲವು ವರ್ಷ ನಡೆಯುತ್ತದೆ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಪೂರ್ತಿ ಖಾಲಿ ಮಾಡಿಯೂ ಇಡಬೇಡಿ, ಪೂರ್ತಿ ತುಂಬಿಸಿಯೂ ಇಡಬೇಡಿ. ಅರ್ಧ ಚಾರ್ಜ್ ಸರಿ.

ಪ್ರಶ್ನೆ: ಈಗ ಹಳೆಯದೊಂದನ್ನು ಕೊಳ್ಳುವುದಾದರೆ ಯಾವುದು, ಏನು ನೋಡಬೇಕು?

ಐಪಾಡ್ ಕ್ಲಾಸಿಕ್ ಮಾರಾಟ 2014ರ ಸೆಪ್ಟೆಂಬರ್‌ನಲ್ಲೇ ನಿಂತಿತು, ಹಾಗಾಗಿ ಸಿಗುವುದೆಲ್ಲ ಹಳೆಯದು ಅಥವಾ ರಿಪೇರಿಯಾದದ್ದು. ನನ್ನ ಆಯ್ಕೆ 2005-06ರ ಐಪಾಡ್ ವಿಡಿಯೊ, ಬಿಡಿಭಾಗ ಸಿಗುತ್ತವೆ, ರಾಕ್‌ಬಾಕ್ಸ್ ಚೆನ್ನಾಗಿ ನಡೆಯುತ್ತದೆ. ಮೊದಲ ಮೂರು ತಲೆಮಾರಿನ ಐಪಾಡ್ ನೋಡಲು ಬಹಳ ಚೆಂದ, ಆದರೆ ಅವು ಯುಎಸ್‌ಬಿಯಿಂದ ಚಾರ್ಜ್ ಆಗುವುದಿಲ್ಲ, ಫೈರ್‌ವೈರ್ ಎಂಬ ಹಳೆಯ ಥರದ ಕೇಬಲ್ ಬೇಕು. ಸಂಗ್ರಹಕ್ಕೆ ಸರಿ, ದಿನದ ಬಳಕೆಗೆ ಬೇಡ.

ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ನಿಮ್ಮ ಇಯರ್‌ಫೋನ್ ತೆಗೆದುಕೊಂಡು ಹೋಗಿ, ಎರಡೂ ಕಿವಿಗೆ ಧ್ವನಿ ಬರುತ್ತದಾ, ಪಿನ್ ಅಲ್ಲಾಡಿಸಿದರೆ ನಿಲ್ಲುತ್ತದಾ ನೋಡಿ. ಗುಂಡಿಗಳನ್ನು ಲಾಕ್ ಮಾಡುವ ಹೋಲ್ಡ್ ಸ್ವಿಚ್ ಎರಡೂ ಕಡೆ ಸರಿಸಿ. ಡಿಸ್ಕ್ ಏಳುವ ಶಬ್ದ ಕೇಳುವ ತನಕ ಹಾಡು ಬದಲಿಸುತ್ತಾ ಇರಿ. ಮಾರುವವರು ಒಪ್ಪಿದರೆ ರೀಸೆಟ್ ಮಾಡಿ, ಸೇಬಿನ ಚಿಹ್ನೆ ಬಂದಾಗ ನಡುವಿನ ಗುಂಡಿ ಮತ್ತು ಹಿಂದಿನ ಹಾಡಿನ ಗುಂಡಿ ಒತ್ತಿ ಹಿಡಿಯಿರಿ. ಪರೀಕ್ಷೆಯ ಮೆನು ತೆರೆಯುತ್ತದೆ. ಅದರಲ್ಲಿ ಹಾರ್ಡ್ ಡಿಸ್ಕ್‌ನ 'ಸ್ಮಾರ್ಟ್' ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ಹುಡುಕಿ. ಕೆಟ್ಟ ಜಾಗಗಳನ್ನು ಬದಲಿಸಿದ ಲೆಕ್ಕ ಅಲ್ಲಿರುತ್ತದೆ, 'ರೀಅಲಾಕ್ಸ್' ಅಂತ. ಸೊನ್ನೆ ಅಥವಾ ಅದರ ಆಸುಪಾಸು ಇದ್ದರೆ ಕೊಳ್ಳಿ. ನೂರಾರು ಇದ್ದರೆ ಡಿಸ್ಕ್ ಸತ್ತಿದೆ ಅಂತಲೇ ಎಣಿಸಿ ಬೆಲೆ ಮಾತಾಡಿ.