ಅಪ್ಪನ ಕೋವಿ, ಅಮ್ಮನ ಟ್ರಂಕು

ಟೆಕ್ಸಾಸ್‌ನ ಆಸ್ಟಿನ್‌ನಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಊರು ತೀರ್ಥಹಳ್ಳಿ ಕಡೆ. ಪತ್ರದ ಸಾರ ಇಷ್ಟು: 'ಅಮೆರಿಕದಲ್ಲಿ ಎಲ್ಲೇ ಗುಂಡು ಹಾರಿದರೂ ನೀವು ಪತ್ರಿಕೆಯವರು ಬಂದೂಕು ಇಟ್ಟುಕೊಂಡವರೆಲ್ಲ ಹುಚ್ಚರು ಅನ್ನುವ ಹಾಗೆ ಬರೀತೀರಿ. ಪಕ್ಕದ ಬೀದಿಯಲ್ಲಿ ಕಳ್ಳತನವಾದ ಮೇಲೆ ನಾನೂ ಒಂದು ಪಿಸ್ತೂಲು ಕೊಂಡೆ. ಗುಂಡು ತುಂಬಿ ಮಂಚದ ಪಕ್ಕದ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ಬೀಗ ಹಾಕು ಎಂದು ಸರ್ಕಾರ ಹೇಳಿದರೆ ಅದು ನನ್ನ ಮಲಗುವ ಕೋಣೆಗೆ ನುಗ್ಗಿದ ಹಾಗೆ. ಮಗನಿಗೆ ಹದಿನೈದು, ಬುದ್ಧಿವಂತ, ಅವನು ಮುಟ್ಟುವುದಿಲ್ಲ. ನಮ್ಮಪ್ಪನ ಹತ್ತಿರವೂ ಕೋವಿ ಇತ್ತು. ಗೋಡೆಗೆ ನೇತು ಹಾಕಿರುತ್ತಿದ್ದರು, ತೋಟಾ ಅಮ್ಮನ ಟ್ರಂಕಿನಲ್ಲಿ ಇರುತ್ತಿತ್ತು. ಒಂದು ದಿನವೂ ಅನಾಹುತ ಆಗಲಿಲ್ಲ. ಜವಾಬ್ದಾರಿ ಇದ್ದವನಿಗೆ ಕಾನೂನು ಯಾಕೆ?'

ಗೆಳೆಯರೇ,

ಪತ್ರ ಎರಡು ಸಲ ಓದಿದೆ. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೆ ಏನನ್ನೂ ಮುಚ್ಚಿಟ್ಟಿಲ್ಲ. ಅದು ನನಗೆ ಇಷ್ಟವಾಯಿತು. ನಿಮ್ಮ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ. 1791ರಿಂದ ಅದು ಅಲ್ಲಿನ ಸಂವಿಧಾನದಲ್ಲಿದೆ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳಬಹುದು ಎಂದು 2008ರ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಫೋನ್ ಮಾಡಿದರೆ ಪೊಲೀಸರು ಬರಲು ಅರ್ಧ ಗಂಟೆ ಹಿಡಿಯುವ ಒಂಟಿ ಮನೆಯವರ ಭಯವೂ ಅರ್ಥವಾಗುತ್ತದೆ.

ಆದರೆ ಅಪ್ಪನನ್ನು ಸಾಕ್ಷಿಗೆ ಕರೆದಿರಲ್ಲ, ಆ ಸಾಕ್ಷಿ ನನ್ನ ಕಡೆಯದು. ಕೋವಿ ಗೋಡೆಯ ಮೇಲೆ, ತೋಟಾ ಟ್ರಂಕಿನೊಳಗೆ. ಗದ್ದೆಗೆ ಹಂದಿ ನುಗ್ಗಿದರೆ ಅಪ್ಪ ಏಳಬೇಕು, ಅಮ್ಮನನ್ನು ಎಬ್ಬಿಸಬೇಕು, ಟ್ರಂಕು ತೆರೆಸಬೇಕು. ಅಷ್ಟು ಹೊತ್ತಿಗೆ ಕುಡಿದವನಿಗೂ ಸಿಟ್ಟು ಬಂದವನಿಗೂ ಒಂದಿಷ್ಟು ತಲೆ ತಿಳಿಯಾಗುತ್ತದೆ, ಅಲ್ವಾ?

ನಮ್ಮ ದೊಡ್ಡಪ್ಪನ ಹತ್ತಿರ ಜೋಡಿ ನಳಿಗೆಯ ಕೋವಿ ಇತ್ತು. ತೋಟದಿಂದ ಬಂದವರು ಒಳಗೆ ಕಾಲಿಡುತ್ತಿರಲಿಲ್ಲ. ಜಗಲಿಯಲ್ಲೇ ಕೂತು, ಕೋವಿ ಮಡಚಿ, ತೋಟಾ ಎರಡನ್ನೂ ಹೊರಗೆ ತೆಗೆದು, ನಳಿಗೆಯನ್ನು ಲಾಟೀನಿನ ಬೆಳಕಿಗೆ ಹಿಡಿದು ಒಂದು ಕಣ್ಣಿಂದ ನೋಡುತ್ತಿದ್ದರು. ಒಂದು ಸಲ ನಾನು ಖಾಲಿ ಕೋವಿಯನ್ನು ತಮಾಷೆಗೆ ತಂಗಿಯ ಕಡೆ ತಿರುಗಿಸಿದೆ. ಬೆನ್ನಿಗೆ ಬಿದ್ದ ಏಟು ಇನ್ನೂ ನೆನಪಿದೆ. ಅಮೆರಿಕದಲ್ಲಿ ಬಂದೂಕು ಕಲಿಸುವವರು ಹೇಳುವ ಮೊದಲ ಪಾಠವೂ ಇದೇ: ಎಲ್ಲ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿ.

ನೀವು ಕಳ್ಳನನ್ನು ನೆನೆಸಿಕೊಂಡು ಪಿಸ್ತೂಲು ಕೊಂಡಿರಿ. ಲೆಕ್ಕ ಬೇರೆಯೇ ಹೇಳುತ್ತದೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅದರಲ್ಲಿ 26,328 ಆತ್ಮಹತ್ಯೆ. ಅರ್ಧಕ್ಕಿಂತ ಜಾಸ್ತಿ! ಇವರು ಟಿವಿಯಲ್ಲಿ ಬರುವುದಿಲ್ಲ. ರಾಷ್ಟ್ರಪತಿ ಇವರಿಗಾಗಿ ಬಾವುಟ ಇಳಿಸುವುದಿಲ್ಲ. ಮನೆಯೊಳಗೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮುಗಿದುಹೋಗುವ ಸಾವುಗಳು ಇವು. ಎಷ್ಟೋ ಜನರಿಗೆ ಆ ಕೆಟ್ಟ ಗಳಿಗೆ ದಾಟಿದರೆ ಮನಸ್ಸು ತಿರುಗುತ್ತದೆ. ಬಂದೂಕು ಕೈಗೆ ಸಿಕ್ಕರೆ ಮನಸ್ಸು ತಿರುಗಲು ಸಮಯವೇ ಇರುವುದಿಲ್ಲ. ಇದನ್ನು ನನಗೆ ಅರ್ಥ ಮಾಡಿಸಿದ್ದು ಬಂದೂಕಿನ ವಿರೋಧಿಗಳಲ್ಲ, ಬಂದೂಕು ಮಾರುವವರೊಬ್ಬರ ಕತೆ. 2009ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಅಂಗಡಿಯಲ್ಲಿ ವಾರ ತುಂಬುವುದರೊಳಗೆ ಮೂವರು ಬಂದು ಬಂದೂಕು ಕೊಂಡರು. ಒಬ್ಬರಿಗೊಬ್ಬರು ಗುರುತಿಲ್ಲ. ಮೂವರೂ ಕೆಲವೇ ಗಂಟೆಗಳಲ್ಲಿ ಅದರಿಂದಲೇ ಪ್ರಾಣ ಕಳೆದುಕೊಂಡರು. ಅಂಗಡಿಯ ಮಾಲೀಕರು 'ನನ್ನ ತಪ್ಪೇನು, ಕಾನೂನಿನ ಪ್ರಕಾರವೇ ಮಾರಿದೆ' ಎಂದು ಸುಮ್ನೆ ಕೂರಬಹುದಿತ್ತು. ಅವರು ಕೂರಲಿಲ್ಲ. ಆರೋಗ್ಯ ಕ್ಷೇತ್ರದವರ ಜೊತೆ ಸೇರಿದರು. ಗಿರಾಕಿಯ ಮಾತು, ಮುಖ ನೋಡಿ ಅನುಮಾನ ಬಂದರೆ ಮಾರಬೇಡಿ, ಕಷ್ಟದಲ್ಲಿರುವ ಗೆಳೆಯನ ಬಂದೂಕನ್ನು ಸ್ವಲ್ಪ ದಿನ ಬೇರೆ ಕಡೆ ಇಡಿಸಿ ಎಂದು ಬೇರೆ ಅಂಗಡಿಗಳಿಗೂ ಪೋಸ್ಟರ್ ಹೋದವು. ಆ ಕೆಲಸ ಬೇರೆ ರಾಜ್ಯಗಳಿಗೂ ಹಬ್ಬಿತು. ಜವಾಬ್ದಾರಿ ಅಂದರೆ ನನ್ನ ಕಣ್ಣಿಗೆ ಬರುವುದು ಇವರು.

ಮಗ ಬುದ್ಧಿವಂತ ಎಂದಿರಿ. ಇರಲಿ, ಸಂತೋಷ. ಆದರೆ ಹದಿನೈದರ ಹುಡುಗನ ಎದೆಯಲ್ಲಿ ಏನು ನಡೆಯುತ್ತಿದೆ ಎಂದು ಯಾವ ತಂದೆಗೆ ಪೂರ್ತಿ ಗೊತ್ತಿರುತ್ತದೆ? ಮಿಶಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್‌ನಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದವನಿಗೂ ಹದಿನೈದು. ಪಿಸ್ತೂಲು ಕೊಂಡಿದ್ದು ಅಪ್ಪ, ನಾಲ್ಕೇ ದಿನ ಮೊದಲು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷದ ಜೈಲಾಯಿತು.

ಇನ್ನು ಸರ್ಕಾರ ಕೋಣೆಗೆ ನುಗ್ಗುವ ಮಾತು. ನಿಮ್ಮ ಟೆಕ್ಸಾಸ್ 2021ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ಬಿಟ್ಟ ರಾಜ್ಯ. ಅಂಥ ರಾಜ್ಯದಲ್ಲೂ, ಗುಂಡು ತುಂಬಿದ ಬಂದೂಕು ಹದಿನೇಳು ತುಂಬದ ಮಕ್ಕಳ ಕೈಗೆ ಸಿಗುವ ಹಾಗೆ ಇಟ್ಟು, ಅದು ಅವರ ಕೈಗೆ ಸಿಕ್ಕಿದರೆ ಅಪರಾಧ. ಹೆಲ್ಲರ್ ತೀರ್ಪು ಮನೆಯಲ್ಲಿರುವ ಬಂದೂಕನ್ನು ಬಿಚ್ಚಿಟ್ಟಿರಬೇಕು ಇಲ್ಲವೇ ಬೀಗ ಹಾಕಿಟ್ಟಿರಬೇಕು ಎಂಬ ರಾಜಧಾನಿ ವಾಷಿಂಗ್ಟನ್‌ನ ಕಾನೂನನ್ನು ರದ್ದು ಮಾಡಿತಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅನಾಹುತ ತಪ್ಪಿಸಲು ಬಂದೂಕನ್ನು ಜೋಪಾನವಾಗಿ ಇಡಿಸುವ ಕಾನೂನುಗಳನ್ನು ನಾವು ಮುಟ್ಟುತ್ತಿಲ್ಲ ಎಂದೂ ಅದೇ ತೀರ್ಪಿನಲ್ಲಿ ಬರೆದಿದೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಒಂದು ಸಣ್ಣ ಬೀಗವನ್ನೂ ಪಕ್ಷದ ವಿಷಯ ಮಾಡಿದರಲ್ಲ, ಅವರ ಮೇಲೆ. ಅಲ್ಲಿನ ಬಂದೂಕುದಾರರ ಸಂಘ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1871ರಲ್ಲಿ ಹುಟ್ಟಿದ್ದು ಸರಿಯಾಗಿ ಗುರಿ ಇಡುವುದನ್ನು ಕಲಿಸಲಿಕ್ಕೆ. ಕಂಡಕಂಡವರೆಲ್ಲ ಬಂದೂಕು ಹೊತ್ತು ತಿರುಗುವುದು ಬೇಡ, ಲೈಸೆನ್ಸ್ ಇರಬೇಕು ಎಂದು 1934ರಲ್ಲಿ ಅದರ ಅಧ್ಯಕ್ಷ ಕಾರ್ಲ್ ಫ್ರೆಡರಿಕ್ ಅವರೇ ಸಂಸತ್ತಿನ ಮುಂದೆ ಹೇಳಿದ್ದರು. 1977ರಲ್ಲಿ ಸಿನ್ಸಿನಾಟಿಯ ಸಭೆಯಲ್ಲಿ ಹಟವಾದಿಗಳು ಸಂಸ್ಥೆಯನ್ನು ಹಿಡಿದರು. ಅಲ್ಲಿಂದ ಮುಂದೆ ಯಾವ ನಿಯಮ ಬಂದರೂ ಅವರಿಗೆ ಅದು ಬಂದೂಕು ಕಿತ್ತುಕೊಳ್ಳುವ ಹುನ್ನಾರ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಸತ್ತರು. ಕೊಂದವನು ತಂದಿದ್ದು ಅಮ್ಮನ ಬಂದೂಕು. ನಾಲ್ಕು ತಿಂಗಳಿಗೆ, ಬಂದೂಕು ಮೇಳದಲ್ಲಿ ಕೊಳ್ಳುವವರ ಹಿನ್ನೆಲೆಯನ್ನೂ ಪರಿಶೀಲಿಸಬೇಕು ಎಂಬ ಮಸೂದೆ ಸೆನೆಟ್‌ಗೆ ಬಂತು. ಪರವಾಗಿ 54 ಮತ, ಬೇಕಾಗಿದ್ದು 60. ಬಿದ್ದುಹೋಯಿತು. ನಿಮ್ಮಂಥ ಲಕ್ಷಾಂತರ ಒಳ್ಳೆಯ ಬಂದೂಕುದಾರರು ಅಂದು ಜೋರಾಗಿ ಮಾತಾಡಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಈಗಲೂ ಅನಿಸುತ್ತದೆ.

ಪಿಸ್ತೂಲು ಮಾರುವ ಅಂಗಡಿಯವರು ಅದರ ಜೊತೆ ಬೀಗವನ್ನೂ ಕೊಡಬೇಕು ಎಂದು 2005ರಿಂದ ಅಲ್ಲಿ ಕಾನೂನಿದೆ. ಹಾಗಾದರೆ ನಿಮಗೂ ಕೊಟ್ಟಿರುತ್ತಾರೆ. ಡಬ್ಬಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇದೆಯೇನೋ, ಇವತ್ತೇ ಹುಡುಕಿ. ಕಳ್ಳ ಬಂದಾಗ ಕೈಗೆ ಬೇಗ ಸಿಗಬೇಕು ಅಂದರೆ ನಂಬರ್ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ತೆರೆಯುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ. ಟೆಕ್ಸಾಸ್‌ನಲ್ಲಿ ಅದಕ್ಕೆ ಸೇಲ್ಸ್ ಟ್ಯಾಕ್ಸ್ ಕೂಡ ಇಲ್ಲ. ನಂಬರ್ ಮಗನ ಹುಟ್ಟಿದ ದಿನ ಆಗದಿರಲಿ.

ಅಪ್ಪನ ಕೋವಿ ಈಗ ಯಾರ ಹೆಸರಿನಲ್ಲಿದೆ? ಅಮ್ಮನ ಟ್ರಂಕು ಇದೆಯಾ? ಮುಂದಿನ ಪತ್ರದಲ್ಲಿ ಬರೆಯಿರಿ.

— ಸಂ.