ಇ-ಟೆಂಡರ್ ಬಂದ ಮೇಲೂ ಬೇಕಾದವರಿಗೇ ಕೆಲಸ ಸಿಗುವುದು ಹೇಗೆ?

ಟೆಂಡರ್ ಆನ್‌ಲೈನ್ ಆದ ಮೇಲೂ ಬೇಕಾದವರಿಗೇ ಸಿಗುವುದಾದರೆ ಈ ವ್ಯವಸ್ಥೆಯಿಂದ ಆದ ಲಾಭವೇನು ಎಂದು ತಾವು ಕೇಳಿದ್ದೀರಿ. ಕರ್ನಾಟಕದ ಸರ್ಕಾರಿ ಕಚೇರಿಗಳಿಗೆ ಪೀಠೋಪಕರಣ ಸರಬರಾಜು ಮಾಡುತ್ತ ಎರಡೂ ಕಾಲವನ್ನು ಕಂಡವನಾಗಿ ಹೇಳುತ್ತೇನೆ: ಲಾಭ ದೊಡ್ಡದೇ ಆಗಿದೆ, ಆದರೆ ಅದು ಬಿಡ್ (ದರ ಸಹಿತ ಪ್ರಸ್ತಾವ) ಸಲ್ಲಿಸುವ ಹಂತದಿಂದ ಮುಂದಕ್ಕೆ ಮಾತ್ರ.

ಪಾರದರ್ಶಕತೆಗೆಂದೇ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಗಳಲ್ಲಿ ಪಾರದರ್ಶಕತೆಯ ಕರ್ನಾಟಕ ಕಾಯ್ದೆ) 1999ರಲ್ಲಿ ಬಂದಿದ್ದರೂ, 2007ರಲ್ಲಿ ಸರ್ಕಾರಿ ಟೆಂಡರ್‌ಗಳ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ಆರಂಭವಾಗುವವರೆಗೆ ಟೆಂಡರ್ ಫಾರಂ ಕೊಳ್ಳಲು ಕಚೇರಿಗೇ ಹೋಗಬೇಕಿತ್ತು. ಕೊಂಡವರ ಹೆಸರು ರಿಜಿಸ್ಟರಿನಲ್ಲಿ ದಾಖಲಾಗುತ್ತಿದ್ದುದರಿಂದ ಸ್ಪರ್ಧೆಯಲ್ಲಿ ಯಾರಿದ್ದಾರೆಂಬುದು ಸಂಜೆಯೊಳಗೆ ಹೊರಬಿದ್ದು, ದರದ ಹೊಂದಾಣಿಕೆ ಅಲ್ಲಿಂದಲೇ ಶುರುವಾಗುತ್ತಿತ್ತು. ಕೊನೆಯ ದಿನ ಅರಗಿನ ಮುದ್ರೆ ಒತ್ತಿದ ಲಕೋಟೆ ಮತ್ತು ಇಎಂಡಿಯ (ಬಿಡ್ ಜೊತೆ ಇಡಬೇಕಾದ ಠೇವಣಿಯ) ಡಿ.ಡಿ. ಹಿಡಿದು ಹೋದರೆ, ಪೆಟ್ಟಿಗೆಯ ಬಳಿ ನಿಂತವರು "ಈ ಸಲ ಬಿಟ್ಟುಬಿಡಿ" ಎಂದು ವಾಪಸು ಕಳುಹಿಸುತ್ತಿದ್ದುದೂ ಉಂಟು. ಇಂದು ಡಿಜಿಟಲ್ ಸಹಿ ಇದ್ದವರು ಊರಿನಲ್ಲಿ ಕುಳಿತೇ ಬಿಡ್ ಹಾಕಬಹುದು. ಯಾರೂ ದಾರಿಗೆ ಅಡ್ಡ ನಿಲ್ಲಲಾರರು. ಹಾಗೆಂದು ತಂತ್ರಜ್ಞಾನವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2019ರಲ್ಲಿ ಇದೇ ಪೋರ್ಟಲ್‌ಗೆ ಕನ್ನ ಹಾಕಿ 11.5 ಕೋಟಿ ರೂಪಾಯಿ ಇಎಂಡಿ ಹಣ ದೋಚಿದ ಪ್ರಕರಣವನ್ನು ಸಿಐಡಿ ತನಿಖೆ ಮಾಡಬೇಕಾಯಿತು.

ನಿಜವಾದ ಆಟ ಈಗ ನಡೆಯುವುದು ಟೆಂಡರ್ ದಾಖಲೆ ಸಿದ್ಧವಾಗುವಾಗ. ಕುರ್ಚಿಯ ಬೆನ್ನಿನ ಎತ್ತರ, ಕೊಳವೆಯ ದಪ್ಪ, ಗಾಲಿಯ ವ್ಯಾಸ ಮೂರೂ ಒಂದೇ ಕಂಪನಿಯ ಕ್ಯಾಟಲಾಗಿಗೆ ಮಿಲಿಮೀಟರ್ ಲೆಕ್ಕದಲ್ಲಿ ಹೊಂದುವಂತೆ ಬರೆದರೆ, ಉಳಿದವರು ದರ ನೋಡುವ ಮೊದಲು ಅರ್ಹತೆಯನ್ನು ಅಳೆಯುವ ತಾಂತ್ರಿಕ ಬಿಡ್‌ನಲ್ಲೇ ಅನರ್ಹರಾಗುತ್ತಾರೆ ಮತ್ತು ಅವರ ದರದ ಲಕೋಟೆ ತೆರೆಯುವುದೇ ಇಲ್ಲ. ಹಲವು ತಾಲ್ಲೂಕುಗಳ ಬೇಡಿಕೆಯನ್ನು ಒಂದೇ ಪ್ಯಾಕೇಜಿಗೆ ಸೇರಿಸಿ ಬಿಡ್ ಹಾಕುವವರಿಗೆ ಇರಬೇಕಾದ ಕನಿಷ್ಠ ವಹಿವಾಟಿನ ಮಿತಿಯನ್ನು ಏರಿಸಿದರೂ ಸಣ್ಣವರು ತಾವಾಗಿಯೇ ಉದುರಿಹೋಗುತ್ತಾರೆ. ಇನ್ನು ಕಾಯ್ದೆಯ 4(ಜಿ) ಅಡಿ ಸರ್ಕಾರ ನಿರ್ದಿಷ್ಟ ಖರೀದಿಗೆ ಕೊಡುವ ವಿನಾಯಿತಿ ಸಿಕ್ಕಿದರಂತೂ ಟೆಂಡರ್ ಕರೆಯುವ ಪ್ರಮೇಯವೇ ಇರುವುದಿಲ್ಲ. ಇವೆಲ್ಲವೂ ಕಂಪ್ಯೂಟರಿಗೆ ಬರುವ ಮೊದಲೇ ಮನುಷ್ಯರು ಕೈಗೊಂಡ ತೀರ್ಮಾನಗಳು.

ಆದ್ದರಿಂದ ಫಲಿತಾಂಶ ಬಂದ ಮೇಲೆ ಕೂಗಾಡಿ ಪ್ರಯೋಜನ ಕಡಿಮೆ. ಕಾಯ್ದೆಯ 16ನೇ ಸೆಕ್ಷನ್ ಕೊಡುವ 30 ದಿನಗಳ ಮೇಲ್ಮನವಿಯ ಅವಕಾಶವು ಟೆಂಡರ್ ಅಂಗೀಕಾರದ ಆದೇಶದ ವಿರುದ್ಧವಾಗಿದ್ದು, ಅಷ್ಟರಲ್ಲಿ ಷರತ್ತುಗಳು ತಮ್ಮ ಕೆಲಸ ಮಾಡಿ ಮುಗಿಸಿರುತ್ತವೆ. ತಾವು ಬಿಡ್ ಹಾಕುವವರಾಗಿದ್ದರೆ ದಾಖಲೆ ಪ್ರಕಟವಾದ ಕೂಡಲೇ ಅಳತೆ ಮತ್ತು ಅರ್ಹತೆಯ ಪುಟಗಳನ್ನು ಓದಿ, ಯಾವ ಷರತ್ತು ಏಕೆ ಅನಗತ್ಯವೆಂಬುದನ್ನು ಪ್ರಿ-ಬಿಡ್ ಸಭೆಗೆ (ಬಿಡ್ ಸಲ್ಲಿಕೆಗೂ ಮುನ್ನ ಸಂದೇಹ ಕೇಳುವ ಸಭೆಗೆ) ಮೊದಲೇ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ.